ನಾಯಿಮರಿ ಶೌಚದ ಜಾಗ ಕಲಿಯುವ ಬಗೆ

ಆಗತಾನೇ ಹುಟ್ಟಿದ ನಾಯಿಮರಿಗೆ ತಾನಾಗಿ ಮಲಮೂತ್ರ ವಿಸರ್ಜಿಸಲು ಬರುವುದಿಲ್ಲ. ತಾಯಿ ಅದರ ಹಿಂಭಾಗವನ್ನು ನೆಕ್ಕಿದಾಗಲೇ ಮೂತ್ರಕೋಶ ಮತ್ತು ಕರುಳು ಖಾಲಿಯಾಗುತ್ತವೆ. ಸುಮಾರು 3 ವಾರಕ್ಕೆ ಕಾಲಿಗೆ ಬಲ ಬರುತ್ತಿದ್ದಂತೆ ಮರಿ ಮಲಗುವ ಜಾಗ ಬಿಟ್ಟು ಆಚೆ ಹೋಗತೊಡಗುತ್ತದೆ. 8 ವಾರದ ಆಸುಪಾಸಿಗೆ ಇಂಥದೇ ಜಾಗ, ಇಂಥದೇ ನೆಲ ಎಂಬ ಒಲವು ಮೂಡುತ್ತದೆ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ನಾಯಿಗಳ ಬೆಳವಣಿಗೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರ ತಮ್ಮ ಗ್ರಂಥದಲ್ಲಿ ಈ ಹಂತಗಳನ್ನು ದಾಖಲಿಸಿದ್ದಾರೆ.

ಭಾರತದಲ್ಲಿ ನಾಯಿ ಸಾಕಣೆ ಮತ್ತು ಮಾರಾಟದ 2017ರ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹಾಗಾಗಿ ಹೊಸ ಮನೆಗೆ ಕಾಲಿಡುವಾಗಲೇ ಮರಿಯಲ್ಲಿ ಒಂದು ಅಭ್ಯಾಸ ಬೇರು ಬಿಡುತ್ತಿರುತ್ತದೆ. ಸಿಮೆಂಟ್ ನೆಲದಲ್ಲಿ ಬೆಳೆದ ಮರಿಯನ್ನು ಎಷ್ಟು ಹೊತ್ತು ಹುಲ್ಲಿನ ಮೇಲೆ ನಿಲ್ಲಿಸಿದರೂ ಸುಮ್ಮನಿದ್ದು, ಒಳಗೆ ಬಂದೊಡನೆ ಟೈಲ್ಸ್ ಮೇಲೆ ಉಚ್ಚೆ ಮಾಡುವುದು ಇದರಿಂದಲೇ. ಹಟಮಾರಿ ಎನಿಸುವ ಈ ವರ್ತನೆ ಪಾದ ಕಲಿತಿರುವ ಪಾಠ.

ದೇಹದ ಮಿತಿಯೂ ಇದೆ. ಎಳೆಯ ಮರಿಯ ಮೂತ್ರಪಿಂಡಗಳು ಬೆಳೆದ ನಾಯಿಯವುಗಳಷ್ಟು ಮೂತ್ರವನ್ನು ಸಾಂದ್ರಗೊಳಿಸಲಾರವು, ಮೂತ್ರಕೋಶ ಚಿಕ್ಕದು, ಅದರ ಬಾಯಿಯ ಸ್ನಾಯುವಿನ ಮೇಲೆ ಮಿದುಳಿನ ಹಿಡಿತ ಇನ್ನೂ ಪಕ್ವವಾಗಿರುವುದಿಲ್ಲ. ತಿಂಗಳ ಲೆಕ್ಕದ ವಯಸ್ಸಿಗೆ ಒಂದು ಸೇರಿಸಿದರೆ ಮರಿ ಹಗಲಲ್ಲಿ ತಡೆದುಕೊಳ್ಳಬಲ್ಲ ಗರಿಷ್ಠ ಗಂಟೆಗಳ ಸ್ಥೂಲ ಅಂದಾಜು ಸಿಗುತ್ತದೆ: 2 ತಿಂಗಳ ಮರಿಗೆ 3 ಗಂಟೆ. ಎಚ್ಚರವಾಗಿ ಆಡುತ್ತಿರುವಾಗ ಅಷ್ಟೂ ಆಗದು.

ಆದರೆ ಮರಿಗೆ ಯಾವಾಗ ಒತ್ತಡ ಬರುತ್ತದೆಂದು ಮೊದಲೇ ಊಹಿಸಬಹುದು. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚಲಿಸತೊಡಗುತ್ತದೆ. ಹೀಗಾಗಿ ಊಟವಾದ 5ರಿಂದ 30 ನಿಮಿಷಗಳೊಳಗೆ ಮರಿಗೆ ಹೊರಗೆ ಹೋಗಬೇಕೆನಿಸುತ್ತದೆ. ನಿದ್ದೆಯಿಂದ ಎದ್ದಾಗ, ನೀರು ಕುಡಿದ ಮೇಲೆ, ಆಟ ಮುಗಿದಾಗಲೂ ಅಷ್ಟೇ. ದಿನವೂ ಒಂದೇ ಹೊತ್ತಿಗೆ ಊಟ ಹಾಕಿದರೆ ಶೌಚಕ್ಕೂ ಹೊತ್ತು ಗೊತ್ತಾಗುತ್ತದೆ. ನೆಲ ಮೂಸುತ್ತ ಸುತ್ತು ಹಾಕುವುದು, ಆಟ ಬಿಟ್ಟು ಮೂಲೆಗೆ ಸರಿಯುವುದು ಒತ್ತಡದ ಲಕ್ಷಣಗಳು. ಆಗ ಮರಿಯನ್ನು ಪ್ರತಿಸಲವೂ ಅದೇ ಜಾಗಕ್ಕೆ ಕರೆದೊಯ್ಯಬೇಕು. ಅತ್ತ ಗಮನವಿಡಲಾಗದಿದ್ದರೆ ಅದನ್ನು ಚಿಕ್ಕ ಆವರಣದಲ್ಲಿ ಇರಿಸುವುದು ಮೇಲು. ಮಲಗುವ ಜಾಗವನ್ನು ಹೊಲಸು ಮಾಡದಿರುವ ಸಹಜ ಪ್ರವೃತ್ತಿ ಅಲ್ಲಿ ನೆರವಿಗೆ ಬರುತ್ತದೆ.

ಹಿತವಾದ ಫಲ ತಂದ ವರ್ತನೆ ಮರುಕಳಿಸುತ್ತದೆ ಎಂಬ ನಿಯಮವನ್ನು ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 19ನೇ ಶತಮಾನದ ಕೊನೆಯಲ್ಲಿ ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ಕಂಡುಕೊಂಡ. ಮರಿಯ ವಿಷಯದಲ್ಲಿ ಈ ಫಲ ಒಂದೆರಡು ಸೆಕೆಂಡುಗಳಲ್ಲೇ ಸಿಗಬೇಕು. ಸರಿಯಾದ ಜಾಗದಲ್ಲಿ ವಿಸರ್ಜಿಸಿ ಮುಗಿಸಿದ ಕ್ಷಣವೇ ತಿನಿಸು ಕೊಟ್ಟರೆ ಮರಿ ಎರಡನ್ನೂ ಜೋಡಿಸಿಕೊಳ್ಳುತ್ತದೆ. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಅದು ಮನೆಗೆ ಮರಳಿದ್ದಕ್ಕೆ ಸಿಕ್ಕ ಬಹುಮಾನವಾಗುತ್ತದೆ. ಶಿಕ್ಷೆಗೂ ಇದೇ ಲೆಕ್ಕ. ಗಂಟೆಯ ಹಿಂದಿನ ತಪ್ಪಿಗೆ ಹೊಡೆದರೆ, ಮೂತಿಯನ್ನು ಮೂತ್ರಕ್ಕೆ ತಿಕ್ಕಿದರೆ ಮರಿಗೆ ಕಾರಣ ತಿಳಿಯುವುದಿಲ್ಲ. ಮನುಷ್ಯರ ಎದುರು ವಿಸರ್ಜಿಸುವುದೇ ಅಪಾಯವೆಂದು ಕಲಿತು ಮಂಚದಡಿ, ಸೋಫಾದ ಹಿಂದೆ ಅಡಗಿ ಮಾಡತೊಡಗುತ್ತದೆ. ಭಯಪಟ್ಟ ಮರಿ ಗದರಿದಾಗ ನಿಂತಲ್ಲೇ ಮೂತ್ರ ಬಿಡುವುದು ಶರಣಾಗತಿಯ ಸೂಚನೆ; ಗದರಿದಷ್ಟೂ ಅದು ಹೆಚ್ಚುತ್ತದೆ.

ವಾಸನೆಯ ಪಾತ್ರವೂ ದೊಡ್ಡದು. ಹಳೆಯ ವಾಸನೆ ಉಳಿದಲ್ಲಿಗೆ ಮರಿ ಮರಳುತ್ತದೆ. ಫಿನಾಯಿಲ್‌ನ ಗಾಟು ಮನುಷ್ಯರ ಮೂಗಿಗೆ ಮೂತ್ರದ ವಾಸನೆಯನ್ನು ಮರೆಮಾಡಬಹುದು, ನಾಯಿಯ ಮೂಗಿಗಲ್ಲ. ಅಮೋನಿಯಾ ಇರುವ ದ್ರಾವಣಗಳ ವಾಸನೆ ಮೂತ್ರವನ್ನೇ ಹೋಲುತ್ತದೆ. ಕಲೆಯ ಸಾವಯವ ಅಂಶಗಳನ್ನು ಒಡೆಯುವ ಕಿಣ್ವಯುಕ್ತ ದ್ರಾವಣಗಳು ನೆಲ ಒರೆಸಲು ಸೂಕ್ತ.

ಹೊರಗೆ ಕರೆದೊಯ್ಯುವಾಗ ಸೋಂಕಿನ ಎಚ್ಚರವೂ ಬೇಕು. ಮರಿಗಳಿಗೆ ಮಾರಕ ಕಾಯಿಲೆ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುವುದರಿಂದ, ಲಸಿಕೆಗಳು ಪೂರ್ಣಗೊಳ್ಳುವ ಮುನ್ನ ಮರಿಯನ್ನು ಬೀದಿನಾಯಿಗಳು ಓಡಾಡುವ ಜಾಗಕ್ಕೆ ಒಯ್ಯುವುದು ಅಪಾಯಕರ. ಅಪಾರ್ಟ್‌ಮೆಂಟ್ ವಾಸಿಗಳು ಬಾಲ್ಕನಿಯಲ್ಲಿ ಹುಲ್ಲು ಹಾಸಿದ ತಟ್ಟೆ ಇಡಬಹುದು. ಮುಂದೆ ಹೊರಗಿನ ಹುಲ್ಲಿಗೆ ಹೊಂದಿಕೊಳ್ಳಲು ಪತ್ರಿಕೆಯ ಹಾಳೆಗಿಂತ ಇದು ಅನುಕೂಲ.

ಇಷ್ಟಾದರೂ ಸುಧಾರಿಸದಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಪದೇಪದೇ ಸ್ವಲ್ಪಸ್ವಲ್ಪ ಮೂತ್ರ ಬರುವುದಕ್ಕೆ ಸೋಂಕು, ಸಡಿಲ ಮಲಕ್ಕೆ ಜಂತುಹುಳು, ಹೆಣ್ಣುಮರಿಯಲ್ಲಿ ನಿರಂತರ ತೊಟ್ಟಿಕ್ಕುವಿಕೆಗೆ ಮೂತ್ರನಾಳದ ಹುಟ್ಟುದೋಷ ಕಾರಣವಾಗಿರಬಹುದು. ಆರೋಗ್ಯವಂತ ಮರಿಗಳಲ್ಲಿ ಹೆಚ್ಚಿನವು 4ರಿಂದ 6 ತಿಂಗಳೊಳಗೆ ಅಭ್ಯಾಸ ಕಲಿಯುತ್ತವೆ. ಕೆಲವಕ್ಕೆ ಒಂದು ವರ್ಷ ಹಿಡಿಯುತ್ತದೆ. ನಡುವೆ ತಪ್ಪಿದರೆ ಹೊರಗೆ ಕರೆದೊಯ್ಯುವ ಅಂತರವನ್ನು ಕಡಿಮೆ ಮಾಡಿ, ಕೆಲವು ದಿನ ತಪ್ಪಿಲ್ಲದೆ ಕಳೆದ ಮೇಲೆ ಮತ್ತೆ ನಿಧಾನವಾಗಿ ಹೆಚ್ಚಿಸಬೇಕು.