ಬಂದರು ಅಧಿಕಾರಿಯ ಕೆಲಸ

ನಮ್ಮ ಸಂಕೇಶ್ವರಕ್ಕೆ ಹಿರಣ್ಯಕೇಶಿ ನದಿ ಇದೆ, ಸಮುದ್ರ ಇಲ್ಲ. ಆದರೂ ನಾನು ಬಂದರಿನ ಬಗ್ಗೆ ಬರೆಯುತ್ತಿದ್ದೇನೆ. ಯಾಕಂದರೆ ನಮ್ಮ ಕಡೆಯ ಜನರೂ ಕಾರವಾರ, ಗೋವಾ ನೋಡಲು ಹೋಗಿ ದೋಣಿ ಹತ್ತುತ್ತಾರೆ.

ಬಂದರು ಅಂದರೆ ಹಡಗುಗಳ ನಿಲ್ದಾಣ. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಇದ್ದಹಾಂಗ ಅಲ್ಲಿ ಬಂದರು ಅಧಿಕಾರಿ ಇರುತ್ತಾರೆ. ಕಾರವಾರದ ಬಂದರು ಬೈತಖೋಲದಲ್ಲಿದೆ. ರಸ್ತೆಗೆ ಹಾಕುವ ಡಾಂಬರು ಅಲ್ಲಿ ಹಡಗಿನಿಂದ ಇಳಿಯುತ್ತದೆ. ಸಕ್ಕರೆ ಕಾರ್ಖಾನೆಯ ಕಾಕಂಬಿ ಅಲ್ಲಿಂದ ಪರದೇಶಕ್ಕೆ ಹೋಗಿದೆ. ಮಂಗಳೂರಿನ ಪಣಂಬೂರಿನಲ್ಲಿ ಇನ್ನೂ ದೊಡ್ಡ ಬಂದರು ಇದೆ. ಅದು 1974ರಲ್ಲಿ ದೇಶದ ಪ್ರಮುಖ ಬಂದರುಗಳಲ್ಲಿ ಒಂದಾಯಿತು.

ಹಡಗು ಬಂದ ಕೂಡಲೇ ಒಳಗೆ ನುಗ್ಗುವಂತಿಲ್ಲ. ಕಾರ್ಖಾನೆ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಪಾಳಿ ಹಚ್ಚಿದಹಾಂಗ ಅದು ಹೊರಗೆ ಲಂಗರು ಹಾಕಿ ಕಾಯಬೇಕು. ಹಡಗು ಎಷ್ಟು ಉದ್ದ, ನೀರಿನಲ್ಲಿ ಎಷ್ಟು ಆಳ ಮುಳುಗಿದೆ, ಈಗ ಭರತವೋ ಇಳಿತವೋ, ಕಟ್ಟಲು ಜಾಗ ಖಾಲಿ ಇದೆಯೋ ಎಂದು ಅಧಿಕಾರಿಗಳು ನೋಡುತ್ತಾರೆ. ಆಮೇಲೆ ಪೈಲಟ್‌ನನ್ನು ಕಳಿಸುತ್ತಾರೆ. ಪೈಲಟ್ ಅಂದರೆ ಇಲ್ಲಿ ವಿಮಾನದವನಲ್ಲ. ಅವನು ಸಣ್ಣ ದೋಣಿಯಲ್ಲಿ ಹೋಗಿ, ಹಗ್ಗದ ಏಣಿ ಹತ್ತಿ, ಹಡಗಿನ ಕ್ಯಾಪ್ಟನ್‌ಗೆ ದಾರಿ ತೋರಿಸುತ್ತಾನೆ. ಕ್ಯಾಪ್ಟನ್‌ಗೆ ಸಮುದ್ರ ಗೊತ್ತು, ಪೈಲಟ್‌ಗೆ ಆ ಬಂದರಿನ ಬಂಡೆ, ಮರಳು ಗೊತ್ತು. ಬಂಡೆಗೆ ಬಡಿದರೆ ಏನಾಗುತ್ತದೆ? 2006ರಲ್ಲಿ ಓಷನ್ ಸೆರಾಯಾ ಎಂಬ ಹಡಗು ಕಾರವಾರದ ಹತ್ತಿರ ಬಂಡೆಗೆ ಸಿಕ್ಕಿ ಎಣ್ಣೆ ಸಮುದ್ರಕ್ಕೆ ಸೋರಿತು.

ಬಿರುಗಾಳಿ ಬರುವುದಿದ್ದರೆ ಹವಾಮಾನ ಇಲಾಖೆ ಬಂದರಿಗೆ ತಿಳಿಸುತ್ತದೆ. ಆಗ ಅಧಿಕಾರಿಗಳು ಹಗಲು ಕಂಬಕ್ಕೆ ಗುರುತು ಏರಿಸುತ್ತಾರೆ, ರಾತ್ರಿ ದೀಪ ಹಚ್ಚಿಸುತ್ತಾರೆ. ಇದಕ್ಕೆ 1ರಿಂದ 11ರವರೆಗೆ ನಂಬರ್ ಇವೆ. 3 ಅಂದರೆ ಬಂದರಿಗೇ ಜೋರು ಗಾಳಿ ಬರುತ್ತದೆ ಎಂದರ್ಥ. 10 ಅಂದರೆ ದೊಡ್ಡ ಚಂಡಮಾರುತ ಬಂದರಿನ ಮೇಲೆ ಅಥವಾ ತೀರಾ ಹತ್ತಿರ ಹಾಯುತ್ತದೆ. 11 ಅಂದರೆ ಹವಾಮಾನ ಕಚೇರಿಯ ಸಂಪರ್ಕವೇ ಕಡಿದುಹೋಗಿದೆ.

ಜನರನ್ನು ಒಯ್ಯುವ ದೋಣಿಗೂ ಇಷ್ಟೇ ಮಂದಿ ಹತ್ತಬೇಕೆಂಬ ಲೆಕ್ಕ ಇದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ನಡುಗಡ್ಡೆಯ ಜಾತ್ರೆಯಿಂದ ಮರಳುವಾಗ ಒಂದು ದೋಣಿ ಮಗುಚಿ 16 ಜನ ತೀರಿಕೊಂಡರು. ಅದರಲ್ಲಿ ಮಂದಿ ಹೆಚ್ಚಾಗಿದ್ದರು ಎಂದು ಸುದ್ದಿಯಲ್ಲಿ ಬಂದಿತ್ತು. ಸತ್ತವರಲ್ಲಿ ಹಾವೇರಿ ಜಿಲ್ಲೆಯವರೂ ಇದ್ದರು. ಅವರೂ ನಮ್ಮಹಾಂಗ ಬಯಲುಸೀಮೆಯವರು. ಅಲ್ಲಿ ಸಣ್ಣ ಮಕ್ಕಳೂ ಇದ್ದರು.

ನನ್ನ ವಿಚಾರದಲ್ಲಿ ಬಂದರು ಅಧಿಕಾರಿಯ ಅತಿ ದೊಡ್ಡ ಕೆಲಸ ‘ಬ್ಯಾಡ, ನಿಲ್ಲು’ ಅನ್ನುವುದು. ಹಾಗೆ ಅಂದಾಗ ಹಡಗಿನವರಿಗೆ ವೇಳೆ, ರೊಕ್ಕ ಎರಡೂ ಲುಕ್ಸಾನ. ದೂರದಿಂದ ಬಂದ ನಮಗೂ ಸಿಟ್ಟು ಬರುತ್ತದೆ. ಆದರೆ ಜೀವ ಹೋದರೆ ಮರಳಿ ಬರುವುದಿಲ್ಲ. ಅದಕ್ಕೇ ಗೆಳೆಯರೇ, ಪ್ರವಾಸಕ್ಕೆ ಹೋದಾಗ ದೋಣಿ ಹತ್ತುವ ಮುಂಚೆ ಲೈಫ್ ಜಾಕೆಟ್ ಕೇಳಿರಿ. ಮಂದಿ ಹೆಚ್ಚಾಗಿದ್ದರೆ ಮುಂದಿನ ದೋಣಿಗೆ ಕಾಯಿರಿ.

— 7ನೇ ಇಯತ್ತೆಯ ವಿದ್ಯಾರ್ಥಿ