ಎರಡು ಶಾಸ್ತ್ರಗಳ ಗಡಿಯಲ್ಲಿ ರುಡಾಲ್ಫ್ ಕಾರ್ನಾಪ್

ವಿಜ್ಞಾನ ಮತ್ತು ತತ್ತ್ವಶಾಸ್ತ್ರಗಳ ನಡುವೆ ವಿಶ್ವವಿದ್ಯಾಲಯಗಳು ಎಳೆದಿರುವ ಗೆರೆ ಎಷ್ಟು ಕೃತಕವಾದುದೆಂಬುದಕ್ಕೆ ಜರ್ಮನಿಯ ರುಡಾಲ್ಫ್ ಕಾರ್ನಾಪರ (1891–1970) ವಿದ್ಯಾಜೀವನವು ಒಂದು ನಿದರ್ಶನ. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ ಅವರು ಯೇನಾ ವಿಶ್ವವಿದ್ಯಾಲಯದಲ್ಲಿ ದೇಶ-ಕಾಲಗಳ ಮೂಲಸೂತ್ರಗಳನ್ನು ಕುರಿತು ಪ್ರಬಂಧ ರಚಿಸಲು ಬಯಸಿದರು. ಇದು ತತ್ತ್ವಶಾಸ್ತ್ರದ ವಿಷಯವೆಂದು ಭೌತವಿಜ್ಞಾನದ ಪ್ರಾಧ್ಯಾಪಕರೂ, ಭೌತವಿಜ್ಞಾನದ ವಿಷಯವೆಂದು ತತ್ತ್ವಶಾಸ್ತ್ರದ ಪ್ರಾಧ್ಯಾಪಕರೂ ಕೈಬಿಟ್ಟರು! ಕಡೆಗೆ ಅವರು ವಿಷಯವನ್ನು ಬದಲಿಸಿ, ಗಣಿತಜ್ಞರು, ದಾರ್ಶನಿಕರು, ಭೌತವಿಜ್ಞಾನಿಗಳು 'ದೇಶ'ವೆಂಬ ಒಂದೇ ಪದದಿಂದ ಬೇರೆ ಬೇರೆ ವಸ್ತುಗಳನ್ನು ಸೂಚಿಸುತ್ತಿರುವುದೇ ಅವರ ವಾದವಿವಾದಕ್ಕೆ ಕಾರಣವೆಂದು ತೋರಿಸಿ ಡಾಕ್ಟರ್ ಪದವಿಯನ್ನು ಪಡೆದರು. ಪದಗಳ ಅರ್ಥವನ್ನು ವಿಶ್ಲೇಷಿಸಿ ಸಮಸ್ಯೆಯನ್ನು ಬಿಡಿಸುವ ಮಾರ್ಗವನ್ನು ಅವರು ಮುಂದೆಂದೂ ಬಿಡಲಿಲ್ಲ.

ಈ ಮಾರ್ಗಕ್ಕೆ ಬೇಕಾದ ತರ್ಕವನ್ನು ಅವರು ಕಲಿತದ್ದು ಫ್ರೇಗೆಯವರಲ್ಲಿ. 1913ರ ಒಂದು ಪಾಠಕ್ರಮದಲ್ಲಿ ಆ ಮಹಾತಾರ್ಕಿಕರ ಮುಂದೆ ಕುಳಿತಿದ್ದವರು ಮೂವರೇ: ಕಾರ್ನಾಪ್, ಅವರ ಗೆಳೆಯನೊಬ್ಬ, ಸೇನೆಯಿಂದ ನಿವೃತ್ತನಾದ ಒಬ್ಬ ಮೇಜರ್. ಯುದ್ಧಾನಂತರದ ಹಣದುಬ್ಬರದಲ್ಲಿ ರಸೆಲ್ ಮತ್ತು ವೈಟ್‌ಹೆಡ್ಡರ 'ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ' ಗ್ರಂಥವು ಕೈಗೆಟುಕದಿರಲು, ಕಾರ್ನಾಪರು ರಸೆಲ್ಲರಿಗೆ ಪತ್ರ ಬರೆದರು. ಅದರ ಮುಖ್ಯ ಲಕ್ಷಣವಾಕ್ಯಗಳನ್ನೆಲ್ಲ ರಸೆಲ್ಲರು ಸ್ವಹಸ್ತದಿಂದ 35 ಪುಟಗಳಲ್ಲಿ ಬರೆದು ಕಳುಹಿಸಿದರು.

1926ರಲ್ಲಿ ಕಾರ್ನಾಪರು ವಿಯೆನ್ನಾ ಸೇರಿ, ಷ್ಲಿಕ್ಕರ ನೇತೃತ್ವದ ವಿಯೆನ್ನಾ ವಲಯದ ಪ್ರಮುಖರಾದರು. ಪರತತ್ತ್ವವನ್ನು ಕುರಿತ ವಾಕ್ಯಗಳು ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ, ಅರ್ಥರಹಿತವೆಂಬ ಅವರ ಮಾತು ದರ್ಶನಪರಂಪರೆಯಲ್ಲಿ ಬೆಳೆದವರಿಗೆ ಕಟುವಾಗಿ ತೋರುವುದು ಸಹಜ. ಆದರೆ ಅಂಥ ವಾಕ್ಯಗಳು ಬದುಕಿನ ಭಾವವನ್ನು ಪ್ರಕಟಿಸುತ್ತವೆಯೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆ ಕಾರ್ಯಕ್ಕೆ ಸಂಗೀತವೇ ಹೆಚ್ಚು ಸಮರ್ಥವೆಂದರು. ಈ ಎರಡನೆಯ ಭಾಗವನ್ನು ಅವರ ಟೀಕಾಕಾರರು ಸಾಮಾನ್ಯವಾಗಿ ಮರೆಯುತ್ತಾರೆ.

1931ರಲ್ಲಿ ಪ್ರಾಗಿನ ಜರ್ಮನ್ ವಿಶ್ವವಿದ್ಯಾಲಯವು ಅವರಿಗೆ ಪೀಠವನ್ನಿತ್ತಿತು, ಅದೂ ವಿಜ್ಞಾನವಿಭಾಗದಲ್ಲಿ. ನಾಜಿಗಳ ಪ್ರಾಬಲ್ಯ ಹೆಚ್ಚಲು 1935ರ ಡಿಸೆಂಬರಿನಲ್ಲಿ ಅಮೆರಿಕಕ್ಕೆ ತೆರಳಿದರು. ಮರುವರ್ಷವೇ ಷ್ಲಿಕ್ಕರು ಹಳೆಯ ವಿದ್ಯಾರ್ಥಿಯೊಬ್ಬನ ಗುಂಡಿಗೆ ಬಲಿಯಾದರು. ಕಾರ್ನಾಪರು ಮೊದಲು ಷಿಕಾಗೋದಲ್ಲಿ, 1954ರಿಂದ ಲಾಸ್ ಏಂಜಲೀಸ್‌ನಲ್ಲಿ ಬೋಧಿಸಿದರು.

ಟಾಮಸ್ ಕೂನರ 'ವೈಜ್ಞಾನಿಕ ಕ್ರಾಂತಿಗಳ ಸ್ವರೂಪ'ವನ್ನು ಕುರಿತ ಗ್ರಂಥವು 1962ರಲ್ಲಿ ಕಾರ್ನಾಪರ ಸಿದ್ಧಾಂತವನ್ನು ಉರುಳಿಸಿತೆಂಬುದು ಬಹುಕಾಲದ ನಂಬಿಕೆ. ಆದರೆ ಆ ಗ್ರಂಥವು ಪ್ರಕಟವಾದದ್ದೇ ಕಾರ್ನಾಪರು ಸಂಪಾದಕರಲ್ಲೊಬ್ಬರಾಗಿದ್ದ ವಿಶ್ವಕೋಶಮಾಲೆಯಲ್ಲಿ. ಹಸ್ತಪ್ರತಿಯನ್ನು ಓದಿ ಅವರು ಕೂನರಿಗೆ ಬರೆದ ಮೆಚ್ಚುಗೆಯ ಪತ್ರಗಳು 1991ರಲ್ಲಿ ಬೆಳಕಿಗೆ ಬಂದವು. ಆ ಮೆಚ್ಚುಗೆಯನ್ನು ತಾವು ಬರಿಯ ಸೌಜನ್ಯವೆಂದೇ ಎಣಿಸಿದ್ದುದಾಗಿ ಕೂನರು 1993ರಲ್ಲಿ ಸಂಕೋಚದಿಂದ ಒಪ್ಪಿಕೊಂಡರು.