ಗಣಕಯಂತ್ರದಲ್ಲಿ ಗೂಢಚಾರರು

ನೇತ್ರಾವತಿಯ ದಡದ ಬೋಳಾರದಲ್ಲಿ ಅಂಗಡಿಯವನು ಪರಿಚಿತ ಗಿರಾಕಿಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟರೆ ಯಾರೂ ಆಕ್ಷೇಪಿಸರು. ಆದರೆ ಅಪರಿಚಿತನೊಬ್ಬನು ಗಿರಾಕಿಯನ್ನು ಅಂಗಡಿಯಿಂದ ಅಂಗಡಿಗೆ ಹಿಂಬಾಲಿಸಿ, ಆತನು ಕೇಳಿದುದನ್ನೆಲ್ಲ ಬರೆದುಕೊಂಡರೆ?

ಮನೆಯ ಗಣಕಯಂತ್ರದಲ್ಲಿಯೂ ಈ ಎರಡು ಬಗೆಗಳುಂಟು. 1994ರಲ್ಲಿ ಅಮೆರಿಕದ ಲೂ ಮಾಂಟುಲಿ ರೂಪಿಸಿದ ‘ಕುಕಿ’ಯು, ಜಾಲತಾಣವು ಯಂತ್ರದಲ್ಲಿ ಇರಿಸುವ ಸಣ್ಣ ಬರಹದ ತುಣುಕು. ಬಳಸುವವರು ಮರಳಿ ಬಂದಾಗ ತಾಣವು ಅದರಿಂದ ಅವರನ್ನು ಗುರುತಿಸುತ್ತದೆ. ಜಾಹೀರಾತು ಸಂಸ್ಥೆಯೊಂದು ಹಲವು ತಾಣಗಳಲ್ಲಿ ತನ್ನದೇ ಕುಕಿಯನ್ನು ಓದತೊಡಗಿದರೆ, ಅವರ ಅಭಿರುಚಿಗಳ ಚಿತ್ರವೇ ಅದಕ್ಕೆ ದೊರೆಯುತ್ತದೆ. ಆದರೂ ಕುಕಿಯು ತಾನಾಗಿ ಕೆಲಸ ಮಾಡುವ ತಂತ್ರಾಂಶವಲ್ಲ. ಅದನ್ನು ಬ್ರೌಸರಿನಲ್ಲಿ ಅಳಿಸಬಹುದು, ತಡೆಯಲೂಬಹುದು.

ಸ್ಪೈವೇರ್ ಹಾಗಲ್ಲ. ಅದು ಮನೆಯೊಳಗೇ ಅಡಗಿದ ಕಳ್ಳನಂತಹ ತಂತ್ರಾಂಶ. ಉಚಿತವೆಂದು ಇಳಿಸಿಕೊಂಡ ವಸ್ತುವಿನೊಡನೆ ಒಳಹೊಕ್ಕು, ಕೀಲಿಮಣೆಯಲ್ಲಿ ಒತ್ತಿದ ಪಾಸ್‌ವರ್ಡನ್ನೂ ಹೊರಗೆ ಸಾಗಿಸಬಲ್ಲದು. ಅಪರಿಚಿತ ಮೂಲಗಳಿಂದ ಏನನ್ನೂ ಇಳಿಸಿಕೊಳ್ಳದಿರುವುದು, ತಂತ್ರಾಂಶಗಳನ್ನು ಕಾಲಕಾಲಕ್ಕೆ ನವೀಕರಿಸುವುದು ಇದಕ್ಕೆ ಮೊದಲ ಕಾವಲು.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು ಸಾರಿತು. ಹಕ್ಕಿಗೆ ಕಾನೂನಿನ ಬೆಂಬಲವಿದ್ದರೂ ಮನೆಯ ಬಾಗಿಲಿಗೆ ಅಗುಳಿ ಹಾಕುವ ಹೊಣೆಯು ಮನೆಯವರದೇ ಆಗಿದೆ.